ಕಲ್ಲುಬಾಳೆಯ ಖಾಲಿ ಗುಂಡಿ

“ಕಲ್ಲುಬಾಳೆ ಗಾಳಿಗೆ ಬಿತ್ತು ಸಾರ್.”

ಸಸ್ಯೋದ್ಯಾನದ ನಿರ್ದೇಶಕರ ಮುಂದೆ ಹೊಸ ಕೆಲಸದವಳ ಬಾಯಿಂದ ಸುಳ್ಳು ಸಲೀಸಾಗಿ ಹೊರಬಿತ್ತು. ಹಿಂದಿನ ದಿನ ಒಂದು ಎಲೆಯೂ ಅಲುಗಿರಲಿಲ್ಲ.

“ಆ ಮೂಲೇಲಿ ಗಾಳಿ ಜಾಸ್ತಿ ಸಾರ್,” ಎಂದರು ಹಿರಿಯ ಮಾಲಿ. ಕೆಲಸದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ದೊಡ್ಡಪ್ಪ ಎಂದು.

ಕಡಿದವಳು ಅವಳೇ. ಕೆಲಸಕ್ಕೆ ಸೇರಿ ನಾಲ್ಕನೇ ದಿನ. “ಗೊನೆ ಮುಗಿದ ಬಾಳೆ ಕಡಿದುಹಾಕು ಮಗಳೇ, ಮೂಲೆಯಿಂದ ಶುರುಮಾಡು,” ಎಂದು ಮಚ್ಚು ಕೊಟ್ಟು ದೊಡ್ಡಪ್ಪ ಮನೆಗೆ ಹೋಗಿದ್ದರು. ಮೂಲೆಯ ಗಿಡವನ್ನು ಗೂಟಕ್ಕೆ ಬಿಗಿಯಲಾಗಿತ್ತು. ಒಂದೇ ಏಟು; ಬೆಣ್ಣೆಗೆ ಇಳಿದಂತೆ ಮಚ್ಚು ಇಳಿಯಿತು. ಹುಳಿ ವಾಸನೆ ಮೂಗಿಗೆ ಬಡಿಯಿತು. ಆಮೇಲಷ್ಟೇ ಎಲೆಗಳ ನಡುವೆ ಹೂ ಕಂಡದ್ದು.

ಬೇರೆ ಬಾಳೆಯಾದರೆ ಬುಡದಲ್ಲಿ ಕಂದು ಏಳುತ್ತದೆ. ಕಲ್ಲುಬಾಳೆಗೆ ಕಂದಿಲ್ಲ, ಬೀಜವೇ ಗತಿ. ದೊಡ್ಡಪ್ಪ ಒಂದು ಬೀಜದಿಂದ ಹನ್ನೊಂದು ವರ್ಷ ಸಾಕಿದ್ದ ಗಿಡ, ಉದ್ಯಾನದಲ್ಲಿದ್ದದ್ದು ಅದೊಂದೇ. ಬೀಜ ಕಟ್ಟುವ ಮೊದಲೇ ಅದರ ವಂಶ ನಿರ್ವಂಶ. ಅವಳು ಅದನ್ನು ಬುಡಸಮೇತ ಕಿತ್ತು ಗೊಬ್ಬರದ ಗುಂಡಿಗೆ ಎಳೆದು ಮುಚ್ಚಿದ್ದಳು; ಮೂಲೆಯಲ್ಲಿ ಉಳಿದದ್ದು ಖಾಲಿ ಗುಂಡಿ.

ದೊಡ್ಡಪ್ಪ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಬಿಸಿಲಿನ ಕೆಲಸ ತಪ್ಪಿಸಿ ನೆರಳುಮನೆಗೆ ಹಾಕಿದರು. ಮಧ್ಯಾಹ್ನ ತಮ್ಮ ಡಬ್ಬಿಯಿಂದ ಅವಳ ತಟ್ಟೆಗೆ ಬಡಿಸಿದರು.

“ನಮಗೆ ಹತ್ತು ವರ್ಷದಿಂದ ಒಂದು ತುತ್ತೂ ಇಲ್ಲ. ಅದೇನು ಮಾಟ ಮಾಡಿದ್ಯೇ ಮೂಕಿ?” ಎಂದು ಕಳೆ ಕೀಳುವವಳು ಚುಡಾಯಿಸಿದಳು.

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ದೊಡ್ಡಪ್ಪನ ಒಂದೊಂದು ಒಳ್ಳೆಯ ಮಾತೂ ಮುಳ್ಳಾಯಿತು. ಎಂಟನೇ ತಿಂಗಳು, ಅವರದೇ ಶಿಫಾರಸಿನ ಮೇಲೆ ಅವಳ ಕೆಲಸ ಖಾಯಂ ಆಯಿತು. ಆದೇಶದ ಕಾಗದ ಹಿಡಿದು ಅವಳು ನೇರ ಕುಂಡಗಳ ಕೊಟ್ಟಿಗೆಗೆ ನಡೆದಳು. ದೊಡ್ಡಪ್ಪ ಮಣ್ಣು ಜರಡಿ ಹಿಡಿಯುತ್ತಿದ್ದರು.

“ಇದು ನನಗೆ ಬೇಡ ದೊಡ್ಡಪ್ಪಾ. ಗಾಳಿ ಅಲ್ಲ. ನಾನೇ... ನಾನೇ ಕಡಿದೆ.”

ಜರಡಿ ನಿಂತಿತು.

“ಗೊತ್ತು.”

“ಗೊತ್ತಿದ್ದೂ ಇಷ್ಟು ದಿನ...”

“ನೀನು ಸೇರೋಕೆ ಮುಂಚೆ, ರಜೆಗೆ ಹೋಗೋವಾಗ ನೀರಿನ ಪೈಪು ಅದರ ಬುಡದಲ್ಲೇ ಮರೆತೆ. ವಾರ ಪೂರ್ತಿ ಹರೀತು. ಬಂದು ನೋಡ್ತೀನಿ, ಬುಡ ಕೊಳೆತುಹೋಗಿದೆ. ಗೂಟಕ್ಕೆ ಕಟ್ಟಿ ನಿಲ್ಲಿಸಿದ್ದೆ.”

ದೊಡ್ಡಪ್ಪ ತಲೆ ಎತ್ತಲಿಲ್ಲ.

“ಹೊಸಬರು ಯಾರಾದ್ರೂ ಬಂದು ಕಡೀಲಿ ಅಂತ ಕಾಯ್ತಿದ್ದೆ ಮಗಳೇ.”