ಒಂದು ದಿನದ ರಬ್ಬಿ

ರಬ್ಬಿ ಫೈವಿಶರ ಕರಿ ಟೋಪಿ ಗೆಡಾಲ್ಯನ ತಲೆಗೇರಿದ್ದೇ ತಡ, ಕಿವಿಯವರೆಗೂ ಇಳಿಯಿತು. ಹತ್ತಿಯ ಗಡ್ಡ ಮೂಗಿಗೆ ಕಚಗುಳಿಯಿಟ್ಟು ಒಂದೇ ಸಮ ಸೀನು. ಆದರೂ ಗತ್ತು ಬಿಡದೆ ಅವನು ಗುರುಗಳ ಕುರ್ಚಿಯೇರಿ, ಪಾಠದ ನಡುವೆಯೂ ಅಡುಗೆಗೆ ನೆರವಾಗುವ ಅವರ ಹಾಗೇ ಆಲೂಗಡ್ಡೆ ಸುಲಿಯುತ್ತಾ ಪಾಠ ಶುರುಮಾಡಿದಾಗ ಮ್ಯಾಂಚೆಸ್ಟರಿನ ಆ ಯಹೂದಿ ಶಾಲೆಯ ಊಟದ ಮನೆ ನಕ್ಕು ನಕ್ಕು ಸುಸ್ತಾಯಿತು. ವೇಷ ಕಟ್ಟಿ ನಕ್ಕು ನಲಿಯುವ ಪೂರಿಮ್ ಹಬ್ಬದ ದಿನ ಹುಡುಗರಲ್ಲೊಬ್ಬ ರಬ್ಬಿ, ಅಂದರೆ ಧರ್ಮಗುರು, ಆಗುವುದು ವಾಡಿಕೆ. ಸಂಜೆಯವರೆಗೆ ಅವನು ಯಾರನ್ನು ಎಷ್ಟು ಗೇಲಿ ಮಾಡಿದರೂ ಯಾರೂ ಸಿಟ್ಟಾಗುವಂತಿಲ್ಲ.

ಆ ವರ್ಷ ಕುರ್ಚಿಗೆ ಗೆಡಾಲ್ಯನೇ ಬೇಕೆಂದು ಹಟ ಹಿಡಿದವರು ಸ್ವತಃ ರಬ್ಬಿ ಫೈವಿಶ್. ಹದಿನಾರರ ಆ ಹುಡುಗನನ್ನು ಶಾಲೆಯಿಂದ ಹೊರಹಾಕುವ ಪತ್ರ ಮುಖ್ಯೋಪಾಧ್ಯಾಯ ಹೋಫ್ನರರ ಕೋಟಿನ ಜೇಬಿನಲ್ಲಿ ಸಿದ್ಧವಾಗಿತ್ತು. ತರಗತಿಯೊಳಗೆ ಕೋಳಿ ಬಿಟ್ಟದ್ದಾಯಿತು, ಹೀಟರಿನ ಹಿಂದೆ ಉಪ್ಪುಮೀನು ಇಟ್ಟದ್ದಾಯಿತು. ಕೊನೆಗೆ ಶಾಲೆಗಳ ತನಿಖಾಧಿಕಾರಿ ಪಾಠ ಕೇಳುತ್ತ ಕೂತಿದ್ದಾಗಲೇ ಬೆಂಕಿಯ ಗಂಟೆ ಒತ್ತಿ, ಬಾಗಿಲಿಗೆ ಎರಡು ಫೈರ್ ಇಂಜಿನ್ ಬರುವ ಹಾಗೆ ಮಾಡಿದ. ಮನೆಯಲ್ಲಿ ತಾಯಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನಾಳೆಯಿಂದ ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲದ ಗೆಡಾಲ್ಯ ಅವತ್ತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಇನ್ನೊಬ್ಬ ಗೆಡಾಲ್ಯ ಒಳಗೆ ಬಂದ. ಅಂಗಿ ಹೊರಗೆ, ಒಂದು ಕಾಲುಚೀಲ ಕೆಳಗೆ, ಬಾಯಲ್ಲಿ ಚೂಯಿಂಗ್ ಗಮ್. ಅರವತ್ತರ ರಬ್ಬಿ ಫೈವಿಶ್, ಹೊಟ್ಟೆಗೆ ಸಾಲದ ಶಾಲೆಯ ಸಮವಸ್ತ್ರ ತೊಟ್ಟು, ಥೇಟ್ ಅವನ ಹಾಗೇ ಭುಜ ಕುಣಿಸುತ್ತಾ ಬಂದು ಕುರ್ಚಿಯ ಮುಂದೆ ಕೈಕಟ್ಟಿ ನಿಂತರು.

"ಗುರುಗಳೇ, ನನ್ನನ್ನ ಸ್ಕೂಲಿಂದ ಓಡಿಸ್ತಾರಂತೆ. ನೀವೇ ಒಂದು ತೀರ್ಪು ಕೊಡಿ." ಆಮೇಲೆ ಹೋಫ್ನರರ ಕಡೆ ತಿರುಗಿದರು. "ಹೆಡ್‌ಮಾಸ್ಟ್ರೇ, ಈ ಕುರ್ಚಿ ಹೇಳಿದ್ದಕ್ಕೆ ನೀವೂ ತಲೆಬಾಗ್ತೀರಿ ತಾನೇ?"

ಮೂರನೇ ಲೋಟ ವೈನ್ ಮುಗಿಸಿ ಮೂರು ಮೂಲೆಯ ಗಸಗಸೆ ಕಡುಬು ಮುರಿಯುತ್ತಿದ್ದ ಹೋಫ್ನರ್, "ಆಯ್ತಪ್ಪಾ ಆಯ್ತು, ಬಾಗ್ತೀನಿ," ಎಂದುಬಿಟ್ಟರು. ಇನ್ನೂರು ಜನ ಸಾಕ್ಷಿ.

"ಯಾಕೋ ಹೀಗೆಲ್ಲ ಮಾಡ್ತೀಯ, ಕತ್ತೆ?" ಗೆಡಾಲ್ಯ ಗುರುಗಳ ದನಿಯಲ್ಲೇ ಗದರಿದ.

"ಎಲ್ಲರೆದುರು ಹೇಳೋಕೆ ನಾಚ್ಕೆ ಆಗುತ್ತೆ. ಕಿವೀಲಿ ಹೇಳ್ತೀನಿ." ಊಟದ ಮನೆ ಮತ್ತೆ ನಕ್ಕಿತು. ರಬ್ಬಿ ಬಗ್ಗಿ, ಟೋಪಿಯ ಅಂಚು ಎತ್ತಿ ಪಿಸುಗುಟ್ಟಿದರು: "ನಂಗೆ ಓದೋಕೆ ಬರಲ್ಲ, ಗುರುಗಳೇ. ಅಕ್ಷರ ಒಂದು ಕಡೆ ನಿಲ್ಲಲ್ಲ. ಓದೋ ಸರದಿ ನನಗೆ ಬರೋಕೆ ಇನ್ನಿಬ್ಬರೇ ಇದ್ದಾರೆ ಅನ್ನೋವಾಗ ಏನಾದ್ರೂ ಕಿತಾಪತಿ ಮಾಡಿ ಪಾಠ ನಿಲ್ಲಿಸ್ತೀನಿ. ಪ್ರತಿ ಸಲಾನೂ ಇನ್ನಿಬ್ಬರು ಇರೋವಾಗ್ಲೇ."

ಗೆಡಾಲ್ಯನ ನಗು ಹತ್ತಿಗಡ್ಡದೊಳಗೇ ನಿಂತುಹೋಯಿತು. ಹೆತ್ತ ತಾಯಿಗೂ ತಿಳಿಯದ ಹಾಗೆ ಹತ್ತು ವರ್ಷ ಬಚ್ಚಿಟ್ಟದ್ದು ಅದು. ಈಗ ಅವನಿಗೆ ಐವತ್ತು ದಾಟಿದೆ, ರಬ್ಬಿ ತೀರಿಕೊಂಡು ಎಷ್ಟೋ ಕಾಲವಾಗಿದೆ. ಆದರೂ ಪುದೀನಾ ಗಮ್ಮಿನ ವಾಸನೆಯ ಆ ಪಿಸುಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ, ಹಿಂದೆಯೇ ನಗುವೂ ಬರುತ್ತದೆ.

"ತೀರ್ಪು, ತೀರ್ಪು," ಎಂದು ಹುಡುಗರು ಮೇಜು ಬಡಿಯತೊಡಗಿದರು.

"ಇವನನ್ನ ಓಡಿಸ್ಬೇಡಿ," ಎಂದ ಗೆಡಾಲ್ಯ. ದನಿ ಈಗ ಗುರುಗಳದಾಗಿರಲಿಲ್ಲ, ಅವನದೇ. "ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಂದು ಗಂಟೆ ಗುರುಗಳ ಮುಂದೆ ಕೂತು ಓದ್ಲಿ. ತಪ್ಪಿಲ್ಲದೆ ಒಂದು ಪುಟ ಓದೋವರೆಗೂ ಬಿಡ್ಬೇಡಿ." ಹೋಫ್ನರ್ ಜೇಬಿನ ಪತ್ರವನ್ನು ಮುಟ್ಟಿ ನೋಡಿಕೊಂಡರು. ಮಾತು ಕೊಟ್ಟಾಗಿತ್ತು, ಇನ್ನೇನು ಮಾಡುವುದು.

ಮರುದಿನ ಬೆಳಿಗ್ಗೆ ಗೆಡಾಲ್ಯ ತರಗತಿಗೆ ಹೋದರೆ, ತಮ್ಮ ಎಂದಿನ ಉದ್ದ ಕೋಟು ತೊಟ್ಟ ರಬ್ಬಿ ಫೈವಿಶ್ ಹುಡುಗರ ಬೆಂಚಿನಲ್ಲಿ ಕೂತಿದ್ದರು.

"ಅದು ನನ್ನ ಜಾಗ, ರಬ್ಬಿ."

"ಶಿಕ್ಷೆ ಆಗಿದ್ದು ನನಗೆ, ಕೊಟ್ಟಿದ್ದು ನೀವು. ಆ ಕುರ್ಚೀಲಿ ಕೂತ್ಕೊಳ್ಳಿ."

"ಅದು ನಿನ್ನೆ. ಹಬ್ಬದ ತಮಾಷೆ."

"ನಿಮ್ಮ ತೀರ್ಪು ನಿಮಗೇ ತಮಾಷೆನಾ, ಗುರುಗಳೇ? ನನಗಂತೂ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ."

ಹಾಗೆ ಶುರುವಾಯಿತು. ರಬ್ಬಿ ಓದುವುದು, ಗೆಡಾಲ್ಯ ತಿದ್ದುವುದು. ಆ ಓದೋ ದೇವರಿಗೇ ಪ್ರೀತಿ. ಧರ್ಮಶಾಸ್ತ್ರದ ಪುಟದಲ್ಲಿ ಕೋಳಿ ಎಂದಿದ್ದರೆ ಅವರು ಎತ್ತು ಎಂದು ಓದಿ, ಆ ಎತ್ತಿನ ಕೈಲೇ ಮೊಟ್ಟೆ ಇಡಿಸಿದರು. ತಪ್ಪು ಎಂದರೆ ಸುಮ್ಮನಾಗುವ ಆಸಾಮಿಯೂ ಅಲ್ಲ. "ಎಲ್ಲಿ ತಪ್ಪು? ತೋರಿಸಿ ನೋಡೋಣ," ಎಂದು ಜಗಳಕ್ಕೇ ನಿಲ್ಲುವರು. ಗೆಡಾಲ್ಯ ಒಂದೊಂದೇ ಅಕ್ಷರದ ಮೇಲೆ ಬೆರಳೂರಿ, ಅದು ಜಾರದ ಹಾಗೆ ಒತ್ತಿ ಹಿಡಿದು, ಬೆವರಿಳಿಸಿಕೊಂಡು ಸಾಧಿಸಬೇಕು. ಕಿತಾಪತಿಗೆ ಅವನಿಗೆ ಪುರುಸೊತ್ತೇ ಉಳಿಯಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ರಬ್ಬಿ ಒಂದೇ ಸಾಲಿನಲ್ಲಿ ನಾಲ್ಕು ತಪ್ಪು ಮಾಡಿ, ನಾಲ್ಕಕ್ಕೂ ವಾದಕ್ಕಿಳಿದರು. ಗೆಡಾಲ್ಯನ ತಾಳ್ಮೆ ಕೆಟ್ಟಿತು. "ಮೂರು ತಿಂಗಳಾಯ್ತು, ಇಷ್ಟೂ ಬರಲ್ವಾ ನಿಮಗೆ? ಕೊಡಿ ಇಲ್ಲಿ," ಎಂದು ಪುಸ್ತಕ ಕಿತ್ತುಕೊಂಡು, ಸಿಟ್ಟಿನ ಭರದಲ್ಲಿ ಪುಟದ ತಲೆಯಿಂದ ಬುಡದವರೆಗೆ ಒಂದೇ ಬೀಸಿಗೆ ಓದಿ ಮುಗಿಸಿದ. ಎದುರಿನಿಂದ ವಾದವೇ ಬರಲಿಲ್ಲವಲ್ಲ ಎಂದು ತಲೆಯೆತ್ತಿದ.

ರಬ್ಬಿ ಫೈವಿಶ್ ಬೆಂಚಿನಿಂದೆದ್ದು, ಒದ್ದೆಯಾದ ಗಡ್ಡ ಒರೆಸಿಕೊಳ್ಳದೆ, ಕೈಕಟ್ಟಿ ನಿಂತಿದ್ದರು.

"ನಾನು ಪಾಸಾದ್ನಾ, ಗುರುಗಳೇ?"