ಮೂರನೆಯ ಮದುವೆಯ ಮುಂಗಡ

ಹೊಳೆನರಸೀಪುರದ ಫೋಟೋಗ್ರಾಫರ್ ಶಶಿಕುಮಾರ್ ಗಿರಾಕಿಗೆ ಅಡ್ವಾನ್ಸ್ ವಾಪಸ್ ಕೊಡಲು ಮುಂದಾದದ್ದು ಅದೇ ಮೊದಲು. ಅವನ ತಲೆಯ ಹಿಂದೆಯೇ ಬೋರ್ಡು ತೂಗುತ್ತಿತ್ತು: 'ಮುಂಗಡ ಹಣ ವಾಪಸ್ ಇಲ್ಲ. ಮದುವೆ ನಿಂತರೆ ಮುಂದಿನ ಶುಭಕಾರ್ಯಕ್ಕೆ ಹೊಂದಿಸಿಕೊಳ್ಳಲಾಗುವುದು.' ಅದನ್ನು ತೋರಿಸಿಯೇ ಅವನು ಎಂತೆಂಥ ಜಗಳಗಂಟರನ್ನೋ ಮೆಟ್ಟಿಲು ಇಳಿಸಿದ್ದ. ಈಗ ನೋಡಿದರೆ ತಾನೇ ಹಣವನ್ನು ಕವರಿಗೆ ಹಾಕಿ ಮೇಜಿನ ಮೇಲೆ ಮುಂದಕ್ಕೆ ತಳ್ಳುತ್ತಿದ್ದ. ಎದುರಿಗೆ ಕುಳಿತ ಕೊಣನೂರಿನ ಅಣ್ಣಮ್ಮ ಅದನ್ನು ಮುಟ್ಟಲಿಲ್ಲ.

"ತಗೊಳಿ ಅಮ್ಮಾ. ಎಲ್ಡು ಸಲ ನಿಂತೋಯ್ತು. ನಂಗೂ ಒಂಥರಾ ಆಯ್ತದೆ."

"ಕೊಟ್ಟ ಅಡ್ವಾನ್ಸ್ ಈಸ್ಕೊಂಡ್ರೆ ನನ್ ಮಗಂಗೆ ಮದ್ವೇನೇ ಬ್ಯಾಡ ಅಂದಂಗಾಯ್ತದೆ ಕಣಪ್ಪ. ನಿನ್ ಬೋರ್ಡಲ್ಲಿ ಏನದೆಯೋ ಅಂಗೇ ಮಾಡು."

ಒಂಥರಾ ಅನ್ನಿಸಿದ್ದು ಸುಮ್ಮನೆ ಅಲ್ಲ. ಅಣ್ಣಮ್ಮನ ಮಗ ನಂಜುಂಡೇಶನಿಗೆ ಗೊತ್ತುಮಾಡಿದ ಮೊದಲ ಹುಡುಗಿಗೆ ಮದುವೆ ಇನ್ನೇನು ಬಂತು ಅನ್ನುವಾಗ ಹಾವು ಕಚ್ಚಿತು. ಎರಡನೆಯವಳು ಕಾಮಾಲೆಯಲ್ಲಿ ಹೋದಳು. ಎರಡೂ ನಿಶ್ಚಿತಾರ್ಥದ ಫೋಟೋ ತೆಗೆದವನು ಶಶಿಕುಮಾರನೇ. ಎರಡನೆಯವಳ ಮನೆಯವರು ಅದರಲ್ಲೇ ಒಂದನ್ನು ಕತ್ತರಿಸಿ ಶ್ರದ್ಧಾಂಜಲಿ ಫ್ಲೆಕ್ಸಿಗೆ ಹಾಕಿಸಿದ್ದರು. ಅವಳ ಹೆಗಲ ಮೇಲೆ ನಂಜುಂಡೇಶನ ನಾಲ್ಕು ಬೆರಳು ಹಾಗೇ ಉಳಿದುಕೊಂಡಿದ್ದವು. ಅವತ್ತಿನಿಂದ ಶಶಿಕುಮಾರನಿಗೆ ಆ ಹಣ ತನ್ನ ಬಳಿ ಇದೆ ಅನ್ನುವುದೇ ಭಯ.

"ಈಗ ನೋಡಿರೋದು ಮೂರ್ನೇ ಹುಡ್ಗೀನಾ?"

"ನಾಕ್ನೇದು," ಎಂದಳು ಅಣ್ಣಮ್ಮ. "ವೀಳ್ಯ ಬದಲಾದ್ಮ್ಯಾಲೆ ಮದ್ವೆ ಆದಂಗೇ ಲೆಕ್ಕ. ಎಲ್ಡಾಯ್ತು. ಮೂರ್ನೇದು ಎಕ್ಕದ್ ಗಿಡ. ಗಿಡಕ್ಕೆ ತಾಳಿ ಕಟ್ಸಿ, ಗಿಡ ಕಡುದ್ಬುಟ್ರೆ ಕೆಟ್ಟದ್ದೆಲ್ಲ ಅದ್ರ ಜೊತೇಲೇ ವಂಟೋಯ್ತದೆ. ನಾಕ್ನೇವ್ಳು ತಣ್ಗಿರ್ತಾಳೆ. ಭಾನ್ವಾರ ಬಂದು ಗಿಡದ್ ಮದ್ವೆ ಫೋಟೋ ತೆಗ್ದು ನಿನ್ ಅಡ್ವಾನ್ಸ್ ಮುರ್ಕೊ."

ಶಶಿಕುಮಾರನಿಗೆ ಹೋದ ಜೀವ ಬಂದಂತಾಯಿತು. ಗಿಡ ತಾನೇ, ಸತ್ತರೆ ಯಾರೂ ಅಳುವುದಿಲ್ಲ. ಅಲ್ಲಿಗೆ ಈ ಮನೆಯ ಋಣವೂ ಹರಿಯುತ್ತದೆ.

ಭಾನುವಾರ ಬೆಳಿಗ್ಗೆ ಕಾವೇರಿ ದಂಡೆಯ ಬೀಳುಭೂಮಿಯಲ್ಲಿ ಎಕ್ಕದ ಗಿಡ ಕೆಂಪು ಸೀರೆ ಉಟ್ಟು, ಅರಿಸಿನ ಕುಂಕುಮ ಬಳಿಸಿಕೊಂಡು ನಿಂತಿತ್ತು. ಪೇಟ ಸುತ್ತಿದ ನಂಜುಂಡೇಶ್ ತಲೆ ಎತ್ತಿರಲಿಲ್ಲ. ಕಣ್ಣಾರೆ ನೋಡದೆ ಹೆಣ್ಣು ಕೊಡೆನೆಂದು ಹಟ ಹಿಡಿದಿದ್ದ ಪಾಪಯ್ಯ, ಮಗಳು ಯಶಸ್ವಿನಿಯನ್ನೂ ಕರೆತಂದಿದ್ದ. ನಾಲ್ಕನೆಯವಳಾಗಿ ಬರಬೇಕಾದವಳು ಅವಳೇ. ಚನ್ನರಾಯಪಟ್ಟಣದಲ್ಲಿ ಬಿ.ಎಡ್. ಓದುತ್ತಿದ್ದ ಹುಡುಗಿ, ಭಯ ಅನ್ನುವುದು ಹತ್ತಿರ ಸುಳಿದಿರಲಿಲ್ಲ. ಅವಳೊಬ್ಬಳು ನಗುತ್ತಿದ್ದುದರಿಂದಲೇ ಶಶಿಕುಮಾರನಿಗೆ ಆ ಜಾಗದಲ್ಲಿ ನಿಲ್ಲಲು ಸಾಧ್ಯವಾಗಿತ್ತು.

"ಹೆಣ್ಣುಮಕ್ಕಳು ಗಿಡದ ಹತ್ತಿರ ಬರಬಾರದು. ದೂರ ನಿಂತ್ಕೊಳ್ಳಿ," ಎಂದರು ಪುರೋಹಿತರು.

ಆದರೆ ಇದು ಪುರೋಹಿತರಿಗಿಂತ ಫೋಟೋಗ್ರಾಫರ್ ಮಾತೇ ಹೆಚ್ಚು ನಡೆಯುವ ಕಾಲ. ಹೊಳೆಯ ಗಾಳಿಗೆ ಸೀರೆ ಮತ್ತೆ ಮತ್ತೆ ಜಾರಿ, ಒಳಗಿನ ಬೋಳು ಕಾಂಡ ಕಾಣುತ್ತಿತ್ತು. ಶಶಿಕುಮಾರ್ ಯಾವ ಮದುವೆಯಲ್ಲೂ ಮಾಂಗಲ್ಯಧಾರಣೆಯ ಫೋಟೋ ಕೆಡಲು ಬಿಟ್ಟವನಲ್ಲ. ಭಯ ಹಿಂದೆ ಸರಿದು ಕಸುಬು ಮುಂದೆ ಬಂತು.

"ಒಂದ್ನಿಮಿಷ ತಡೀರಿ ಸ್ವಾಮಿ. ತಂಗೀ, ನೀನು ಗಿಡದ್ ಹಿಂದೆ ಕೂತ್ಕೊಂಡು ಸೀರೆ ಇಡ್ಕೊ. ಫೋಟೋದಲ್ಲಿ ಕಾಣಕಿಲ್ಲ."

"ಸವತಿಗೆ ಸೀರೇನೂ ನಾನೇ ಉಡಿಸ್ಬೇಕಾ ಅಣ್ಣ?" ಎಂದು ನಗುತ್ತಾ ಹೋಗಿ ಕುಳಿತಳು ಯಶಸ್ವಿನಿ. ಪುರೋಹಿತರು ಏನೋ ಹೇಳಲು ಬಾಯಿ ತೆರೆದರು. ಮುಹೂರ್ತ ಮೀರುತ್ತಿತ್ತು, ಮಂತ್ರ ಮುಂದುವರಿಸಿದರು.

ನಂಜುಂಡೇಶ್ ತಾಳಿ ಎತ್ತುವಾಗ ಗಾಳಿ ಜೋರಾಗಿ ಬೀಸಿ ಗಿಡ ಪಕ್ಕಕ್ಕೆ ಬಾಗಿತು. ಸೀರೆ ಹಾರದಿರಲೆಂದು ಯಶಸ್ವಿನಿ ಅದನ್ನು ಎದೆಗೆ ಒತ್ತಿಕೊಂಡು ಮೇಲೆದ್ದಳು. ಶಶಿಕುಮಾರ್ ಕ್ಲಿಕ್ಕಿಸಿದ. ಗಾಳಿ ತಗ್ಗಿದ ಮೇಲೆ ನಂಜುಂಡೇಶ್ ತಾಳಿಯನ್ನು ಗಿಡಕ್ಕೇ ಕಟ್ಟಿದ, ಅದನ್ನು ಎಲ್ಲರೂ ನೋಡಿದರು. ಆಮೇಲೆ ಕುಡುಗೋಲಿನ ಒಂದೇ ಏಟಿಗೆ ಗಿಡ ಉರುಳಿತು. ಅಂಗೈಗೆ ಸಿಡಿದ ಎಕ್ಕದ ಹಾಲನ್ನು ತೊಳೆದುಕೊಳ್ಳಲು ಯಶಸ್ವಿನಿ ಹೊಳೆಗೆ ಇಳಿದಳು.

ಶಶಿಕುಮಾರ್ ಕ್ಯಾಮೆರಾದಲ್ಲಿ ಫೋಟೋ ನೋಡಿದ. ಅದರಲ್ಲಿ ಗಿಡವೇ ಇರಲಿಲ್ಲ. ಕೆಂಪು ಸೀರೆ, ಅದರ ಮೇಲೆ ಯಶಸ್ವಿನಿಯ ನಗುಮುಖ, ಅವಳ ಕೊರಳಿನ ಕೆಳಗೆ ತಾಳಿ ಹಿಡಿದ ನಂಜುಂಡೇಶನ ಎರಡು ಕೈ, ಕೂದಲ ಮೇಲೆ ಬೀಳುತ್ತಿರುವ ಅಕ್ಷತೆ. ಅಷ್ಟು ಚೆಂದದ ಮದುವೆ ಫೋಟೋವನ್ನು ಅವನು ಜನ್ಮದಲ್ಲಿ ತೆಗೆದಿರಲಿಲ್ಲ. ಅಳಿಸಿಬಿಡಬೇಕೆಂದು ಗುಂಡಿ ಹುಡುಕಿದ.

"ಎಲ್ಲಿ, ತೋರ್ಸು," ಎಂದಳು ಅಣ್ಣಮ್ಮ. ಅವಳು ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದಳು.

"ಇದು ಸರಿಯಾಗಿ ಬಂದಿಲ್ಲ ಅಮ್ಮಾ, ಅಳ್ಸ್ಬುಡ್ತೀನಿ."

"ಅಳ್ಸ್ಬ್ಯಾಡ."

ಅಣ್ಣಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೊಳೆಯ ಕಡೆ ತಿರುಗಿದಳು. ಯಶಸ್ವಿನಿ ಅಪ್ಪನಿಗೆ ಏನೋ ಹೇಳಿ ನಗುತ್ತಾ ಕೈ ಉಜ್ಜಿಕೊಳ್ಳುತ್ತಿದ್ದಳು. ಅಣ್ಣಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ಸೊಂಟದ ಚೀಲ ಬಿಚ್ಚಿ, ಮಡಿಸಿದ ನೋಟುಗಳನ್ನು ತೆಗೆದು ಶಶಿಕುಮಾರನ ಕೈಗೆ ತುರುಕಿದಳು.

"ಇದು ಮುಂದಿನ್ ಅಡ್ವಾನ್ಸು ಕಣಪ್ಪ. ನಾಕ್ನೇ ಹೆಣ್ಣು ನೋಡ್ಬುಟ್ಟು ತಾರೀಕು ಏಳ್ತೀನಿ."