ವಿಭೂತಿ ಹಚ್ಚಿದ ಕೋಲು

ಗುರುಶಾಂತವ್ವ ಹಿತ್ತಲಿನ ಕಬ್ಬಿಣದ ಪೈಪಿನ ಮುಚ್ಚಳ ತೆಗೆದು, ಉದ್ದನೆಯ ಕೋಲನ್ನು ತಳ ಮುಟ್ಟುವವರೆಗೂ ಒಳಗಿಳಿಸಿದಳು. ವಿಭೂತಿ ಗಟ್ಟಿ ತಿಕ್ಕಿ ಕೋಲನ್ನು ಬೆಳ್ಳಗೆ ಮಾಡಿದ್ದಳು. ಎಣ್ಣೆ ತಾಗಿದಷ್ಟು ಭಾಗ ಕಪ್ಪಾಗುತ್ತದೆ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಸೀಮೆಎಣ್ಣೆ ಡಿಪೋ ನಡೆಸಿದವಳು ಬ್ಯಾರಲ್ ಅಳೆಯುತ್ತಿದ್ದುದೇ ಹೀಗೆ. ಮನೆ ಮಾರುವವರ ಏಜೆಂಟ್ ಇದೇನೋ ಪೂಜೆ ಎಂದುಕೊಂಡು ನಗುತ್ತ ನಿಂತಿದ್ದ.

"ಹೀಟಿಂಗ್ ಆಯಿಲ್ ಟ್ಯಾಂಕ್ ಚಲೋ ಐತಿ ಅಂತ ಮಾರೋರು ಪೇಪರ್‌ನ್ಯಾಗ ಬರದಾರವ್ವಾ," ಎಂದಳು ಮಗಳು ವೈಶಾಲಿ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯ ಆ ಟ್ಯಾಂಕನ್ನು ಹಿತ್ತಲಿನ ಮಣ್ಣಿನಡಿ ಹೂತಿದ್ದರು; ಪೈಪು ಅದರ ಬಾಯಿ. ಪರದೇಶದ ಲಾಂಗ್ ಬೀಚಿನ ಈ ಹಳೆಯ ಮನೆ ಕೊಳ್ಳಲು ಅವಳು ಇವತ್ತೇ ಸೈನ್ ಮಾಡಬೇಕಿತ್ತು.

"ಸೋರಿದ್ರ?"

"ಸೋರಿ ಮಣ್ಣು ಕೆಟ್ಟರ ಇನ್ಶೂರೆನ್ಸ್ ಕವರ್ ಮಾಡಂಗಿಲ್ಲ. ಎಲ್ಲಾ ನಮ್ಮ ತಲಿ ಮ್ಯಾಲ."

ಗುರುಶಾಂತವ್ವ ಕೋಲನ್ನು ಮೇಲೆಳೆದಳು. ಹತ್ತು ದಿನದ ಹಿಂದೆ ಮನೆ ನೋಡಲು ಬಂದಾಗಲೂ ಇದೇ ಕೋಲನ್ನು ಇಳಿಸಿ, ಎಣ್ಣೆಯ ಮಟ್ಟಕ್ಕೆ ಚಾಕುವಿನಿಂದ ಗೀರು ಹಾಕಿಟ್ಟಿದ್ದಳು. ಇವತ್ತು ಕಪ್ಪು ಗುರುತು ಆ ಗೀರಿಗಿಂತ ನಾಲ್ಕು ಬೆರಳು ಕೆಳಗಿತ್ತು. ಕೋಲನ್ನು ಏಜೆಂಟನ ಮುಖದೆದುರು ಹಿಡಿದು, ನಡುವಿನ ಜಾಗಕ್ಕೆ ನಾಲ್ಕು ಬೆರಳಿಟ್ಟು ತೋರಿಸಿದಳು.

"ಅವನ್ನ ಕೇಳು. ಆರು ತಿಂಗಳಿಂದ ಈ ಮನ್ಯಾಗ ಯಾರೂ ಇಲ್ಲ, ಹೀಟರ್ ಬಂದ್ ಐತಿ. ಹಂಗಾರ ಇಷ್ಟು ಎಣ್ಣಿ ಎಲ್ಲಿಗೆ ಹೋತು?"

ವೈಶಾಲಿ ಅದನ್ನು ಇಂಗ್ಲಿಷಿನಲ್ಲಿ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಏಜೆಂಟ್ ತನ್ನ ಕಾಲಡಿಯ ಮಣ್ಣನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಿದ್ದ.